ಅಡ್ಡ ಹೆಜ್ಜೆ

ಅಕ್ಕನ ಬಲ ಸೊಂಟದ ಕೀಲು ಬದಲಿಸಿದ ಮೂರನೆಯ ದಿನ ಅವಳ ಕಾರ್ಖಾನೆಯ ಯಜಮಾನರು ಆಸ್ಪತ್ರೆಗೆ ಬಂದರು. ಕೈಯಲ್ಲಿ ಒಂದು ಚೀಲ ಕಿತ್ತಳೆ ಹಣ್ಣು. ಹಾಸಿಗೆಯ ಬಳಿ ಕುರ್ಚಿ ಇದ್ದರೂ ಕೂರಲಿಲ್ಲ. ಕೂತರೆ ಮಾತು ಬೆಳೆದೀತೆಂದು ಹೆದರಿದವರಂತೆ ನಿಂತೇ ಇದ್ದರು.

"ಹೇಗಿದ್ದೀರಾ ಮಾಸ್ಟರ್?"

"ಕಾಲಿದೆ. ಇನ್ನೂ ನನ್ನದು ಅನ್ನಿಸ್ತಿಲ್ಲ."

"ಆತುರ ಏನೂ ಬೇಡ. ಆಫೀಸ್ ರೂಮಲ್ಲಿ ಒಂದು ಒಳ್ಳೆ ಕುರ್ಚಿ ಹಾಕಿಸ್ತಿದ್ದೀನಿ. ಗಾಜಿನಿಂದ ಇಡೀ ಹಾಲ್ ಕಾಣುತ್ತೆ. ಕೂತಲ್ಲೇ ಎಲ್ಲಾ ನೋಡ್ಕೋಬಹುದು."

"ನನ್ನ ಕಟಿಂಗ್ ಮೇಜು?"

"ಮೇಜಿಗೆ ಒಬ್ಬರನ್ನ ಹುಡುಕ್ತಾ ಇದ್ದೀವಿ."

ಅಕ್ಕ ದಿಂಬಿನ ಮೇಲೆ ಸ್ವಲ್ಪ ಮೇಲಕ್ಕೆ ಸರಿಯಲು ನೋಡಿದಳು. ನೋವಿಗೆ ತುಟಿ ಬಿಗಿಯಾಯಿತು. "ದೊಡ್ಡ ಆರ್ಡರ್ ಯಾವಾಗ ಶುರು?"

"ಇನ್ನು ಹದಿನಾರು ವಾರ."

"ಹಾಗಾದ್ರೆ ಹುಡುಕಬೇಡಿ. ಹದಿನಾರು ವಾರಕ್ಕೆ ನಾನೇ ಇರ್ತೀನಿ."

ಯಜಮಾನರು ನನ್ನ ಕಡೆ ನೋಡಿದರು. ತಂಗಿಯಾದರೂ ಬುದ್ಧಿ ಹೇಳಬಾರದೆ ಎನ್ನುವ ನೋಟ. ನಾನು ಕಿತ್ತಳೆ ಹಣ್ಣುಗಳನ್ನು ತಟ್ಟೆಗೆ ಜೋಡಿಸುತ್ತ ತಲೆ ಎತ್ತಲಿಲ್ಲ.

"ಯಂತ್ರಕ್ಕೆ ಎರಡು ಕೈ ಬೇಕು ಮಾಸ್ಟರ್. ಕೋಲು ಹಿಡ್ಕೊಂಡು ಕತ್ತರಿಸೋಕಾಗಲ್ಲ. ಕುಂಟದೆ ನಡ್ಕೊಂಡು ಬನ್ನಿ, ಮೇಜು ನಿಮ್ದೇ."

"ಆಯ್ತು" ಎಂದಳು ಅಕ್ಕ.

ಅವರು ಹೋದ ಮೇಲೆ ನಾನು ಕೇಳಿದೆ, "ಕುರ್ಚಿ ಆದ್ರೆ ಏನಕ್ಕಾ? ಸಂಬಳ ಅದೇ, ಕೆಲಸ ಹಗುರ."

"ನೀನು ಪುಕ್ಕಲಿ. ನಿನಗೆ ಎಲ್ಲಿ ಕುರ್ಚಿ ಕಂಡರೂ ಆಸೆ."

ಪುಕ್ಕಲಿ ಎಂಬುದು ಅವಳು ನನಗೆ ಚಿಕ್ಕಂದಿನಲ್ಲೇ ಇಟ್ಟ ಹೆಸರು. ನನಗೆ ಐವತ್ತೊಂದಾದರೂ ಅದು ಬದಲಾಗಿಲ್ಲ.

ಅಕ್ಕ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್, ಇಪ್ಪತ್ತೇಳು ವರ್ಷದಿಂದ. ನಲವತ್ತಡಿ ಉದ್ದದ ಮೇಜಿನ ಮೇಲೆ ಬಟ್ಟೆಯನ್ನು ಎಂಬತ್ತು ಪದರ ಹಾಸುತ್ತಾರೆ. ಮೇಲಿನ ಪದರದ ಮೇಲೆ ತೋಳು, ಬೆನ್ನು, ಕಾಲರುಗಳ ಗೆರೆ. ನೆಟ್ಟಗೆ ನಿಂತ ಬ್ಲೇಡಿನ ವಿದ್ಯುತ್ ಯಂತ್ರವನ್ನು ಎರಡೂ ಕೈಯಲ್ಲಿ ನಡೆಸುತ್ತ ಅವಳು ಆ ಗೆರೆಗಳನ್ನು ಕತ್ತರಿಸುತ್ತಾಳೆ. ಅವಳ ಕೈ ಒಂದು ಸಲ ಅಲುಗಿದರೆ ಎಂಬತ್ತು ಕೋಟುಗಳ ಹೆಗಲು ಸೊಟ್ಟ. ಅವಳಿಗಿಂತ ಮುಂಚೆ ಇದ್ದ ಮಾಸ್ಟರನ್ನು ಕಣ್ಣು ಮಂಜಾದಾಗ ಅದೇ ಗಾಜಿನ ಕೋಣೆಯಲ್ಲಿ ಕೂರಿಸಿದ್ದರಂತೆ. ಮೊದಲ ವಾರ ಎಲ್ಲರೂ ಸಂದೇಹ ಕೇಳಲು ಒಳಗೆ ಹೋದರು. ಎರಡನೆಯ ತಿಂಗಳು ಟೀ ಕೊಡಲು ಮಾತ್ರ ಹೋದರು. ಒಂದು ದಿನ ಕುರ್ಚಿ ಖಾಲಿ ಇದ್ದದ್ದು ಮಧ್ಯಾಹ್ನದವರೆಗೆ ಯಾರಿಗೂ ಗೊತ್ತೇ ಆಗಲಿಲ್ಲ. ಇದನ್ನು ಅಕ್ಕ ನನಗೆ ಒಮ್ಮೆ ಮಾತ್ರ ಹೇಳಿದ್ದಳು.

ಪಕ್ಕದ ಹಾಸಿಗೆಯಲ್ಲಿ ಬೇಕರಿ ನಡೆಸುವ ಹೆಂಗಸಿದ್ದಳು. ಅಕ್ಕನ ವಯಸ್ಸೇ, ಅಕ್ಕನಿಗಿಂತ ದಪ್ಪ, ಅದೇ ದಿನ ಅದೇ ಬಲ ಸೊಂಟಕ್ಕೆ ಆಪರೇಷನ್. ವಾರ್ಡಿನಲ್ಲಿ ಎಲ್ಲರಿಗೂ ಅವಳು ಬೇಕರಿಯಮ್ಮ. ಆ ಮೂರನೆಯ ದಿನವೇ ಅವಳು ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಬಂದಳು. ಅಕ್ಕ ಹಾಸಿಗೆಯಿಂದ ಬಾತ್‌ರೂಮಿಗೆ ಹೋಗುವಷ್ಟರಲ್ಲಿ ಮೈಯೆಲ್ಲ ಬೆವರು.

"ಇವರಿಗೂ ನನಗೂ ಒಂದೇ ಕೀಲು ಹಾಕಿದ್ದಾರಾ, ಇಲ್ಲಾ ಇವರಿಗೆ ಹೊಸದು ನನಗೆ ಹಳೇದಾ?" ಎಂದು ಅಕ್ಕ ಡಾಕ್ಟರನ್ನು ಕೇಳಿದಳು.

ಡಾಕ್ಟರು ಸಾವಧಾನದವರು. ಹಾಸಿಗೆಯ ಅಂಚಿಗೆ ಒರಗಿ ನಿಂತು ಹೇಳಿದರು: "ಕೀಲು ಒಂದೇ ಥರದ್ದಮ್ಮಾ. ಒಳಗೆ ಹೋದ ದಾರಿ ಬೇರೆ. ಅವರದ್ದು ಮುಂದಿನಿಂದ. ಅಲ್ಲಿ ಸ್ನಾಯುಗಳನ್ನ ಕತ್ತರಿಸದೆ ಪಕ್ಕಕ್ಕೆ ಸರಿಸಿ ಹೋಗಬಹುದು. ನಿಮ್ಮದು ಪಕ್ಕದಿಂದ. ಸೊಂಟ ಓಲದ ಹಾಗೆ ಹಿಡಿದಿಡೋ ಸ್ನಾಯುವನ್ನ ಸ್ವಲ್ಪ ಬಿಡಿಸಿ, ಕೆಲಸ ಆದ ಮೇಲೆ ಮತ್ತೆ ಸೇರಿಸಿದ್ದೀನಿ."

"ಅಂದ್ರೆ ಅವರದ್ದು ಗುಂಡಿ ಬಿಚ್ಚಿದ್ದು, ನನ್ನದು ಪಕ್ಕದ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಿದ್ದು."

"ಹೆಚ್ಚುಕಡಿಮೆ ಹಾಗೇ."

"ನನಗ್ಯಾಕೆ ಗುಂಡಿ ಬಿಚ್ಚಲಿಲ್ಲ?"

"ನಿಮ್ಮ ಮೂಳೆಯ ಆಕಾರಕ್ಕೆ ಇದೇ ಸರಿಯಾಗಿತ್ತು. ಕೀಲು ಜಾರೋ ಭಯವೂ ಕಡಿಮೆ. ಆರು ವಾರ ಆ ಸ್ನಾಯುವಿಗೆ ಕೆಲಸ ಕೊಡಬೇಡಿ, ಕಾಲನ್ನ ಪಕ್ಕಕ್ಕೆ ಎತ್ತಬೇಡಿ. ಆಮೇಲೆ ನಿಧಾನವಾಗಿ ಬಲ ತುಂಬಬೇಕು. ಕುಂಟು ಕೆಲವರಿಗೆ ಮೂರು ತಿಂಗಳಲ್ಲಿ ಹೋಗುತ್ತೆ, ಕೆಲವರಿಗೆ ವರ್ಷ ಹಿಡಿಯುತ್ತೆ."

ವರ್ಷ ಎಂಬ ಮಾತು ಅಕ್ಕನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಅದೊಂದೇ.

ಡಿಸ್ಚಾರ್ಜ್ ಆದ ಮೇಲೆ ವಾರಕ್ಕೆರಡು ಸಲ ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಹೋಗಬೇಕಿತ್ತು. ಗೋಡೆಯುದ್ದಕ್ಕೂ ಕನ್ನಡಿ, ಎರಡು ಸಮಾನಾಂತರ ಕಂಬಿ, ಮೂರು ಮೆಟ್ಟಿಲಿನ ಒಂದು ಮರದ ಏಣಿ. ಅಲ್ಲಿನ ಫಿಸಿಯೋಗೆ ಮೂವತ್ತು ದಾಟಿರಲಿಲ್ಲ. ಅಕ್ಕ ಅವಳನ್ನು ನಡಿಗೆ ಟೀಚರ್ ಎಂದು ಕರೆದಳು, ಅವಳು ಅಕ್ಕನನ್ನು ಮಾಸ್ಟರ್ ಎಂದಳು. ಬೇಕರಿಯಮ್ಮನಿಗೂ ಅದೇ ಹೊತ್ತು. ಜೊತೆಗೆ ಒಬ್ಬ ನಿವೃತ್ತ ಬಸ್ ಡ್ರೈವರ್. ಅವರದ್ದು ಹಿಂದಿನಿಂದ ಮಾಡಿದ ಆಪರೇಷನ್. ನಡಿಗೆ ಪರವಾಗಿರಲಿಲ್ಲ, ಆದರೆ ಬಗ್ಗುವಂತಿಲ್ಲ, ಕಾಲ ಮೇಲೆ ಕಾಲು ಹಾಕುವಂತಿಲ್ಲ, ತಗ್ಗಿನ ಸೋಫಾದಲ್ಲಿ ಕೂರುವಂತಿಲ್ಲ.

"ಮೂವತ್ತು ವರ್ಷ ಪ್ರಯಾಣಿಕರಿಗೆ ನೆಟ್ಟಗೆ ನಿಂತ್ಕೊಳ್ರಿ ಅಂದೆ" ಎನ್ನುತ್ತಿದ್ದರು. "ಈಗ ನನ್ನ ಹೆಂಡತಿ ನನಗೆ ಹೇಳ್ತಾಳೆ. ಬಿದ್ದ ಚಮಚ ಎತ್ತಿಕೊಡೋದಕ್ಕೂ ಅವಳೇ ಬರಬೇಕು, ಬೈಗುಳ ಉಚಿತ."

ಆರನೆಯ ವಾರ ಬೇಕರಿಯಮ್ಮ ಕೋಲು ಬಿಟ್ಟಳು. ಅಕ್ಕ ವಾಕರಿನಿಂದ ಕೋಲಿಗೆ ಬಂದಿದ್ದಳು, ಎಡಗೈಯಲ್ಲಿ. ಬಲಗಾಲಿನ ಮೇಲೆ ಭಾರ ಬಿದ್ದಾಗಲೆಲ್ಲ ಅವಳ ಎಡ ಸೊಂಟ ಕೆಳಗೆ ಜಾರುತ್ತಿತ್ತು. ಬೀಳದಿರಲೆಂದು ಇಡೀ ಮೈ ಬಲಕ್ಕೆ ವಾಲುತ್ತಿತ್ತು.

"ಬನ್ನಿ ಮಾಸ್ಟರ್, ಬಾಗಿಲವರೆಗೆ ಪಂದ್ಯ" ಎಂದಳು ಬೇಕರಿಯಮ್ಮ.

"ನಿಮಗೆ ಒಲೆ ಒಳಗೆ ಬನ್ನು ಸೀದುಹೋಗೋ ಆತುರ. ನನಗೇನೂ ಇಲ್ಲ, ಹೋಗ್ರಿ."

ನಕ್ಕು ಹೇಳಿದಳು. ಆದರೆ ಗೇಟಿನವರೆಗೆ ನಡೆಯುವಾಗ ಕಂಡ ಗಾಜಿನಲ್ಲೆಲ್ಲ ತನ್ನ ನಡಿಗೆಯನ್ನೇ ನೋಡಿಕೊಂಡಳು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ತಪ್ಪು ಹುಡುಕುವ ಕಣ್ಣು ಮನೆಗೆ ಬಂದರೂ ಮುಚ್ಚುವುದಿಲ್ಲ. ಆ ದಿನದಿಂದ ಒಂದು ಪುಸ್ತಕದಲ್ಲಿ ದಿನವೂ ಬರೆದಿಡತೊಡಗಿದೆ: ಎಷ್ಟು ಹೆಜ್ಜೆ, ಎಷ್ಟು ಸಲ ನಿಂತಳು, ವಾಲುವುದು ಹೆಚ್ಚೋ ಕಡಿಮೆಯೋ.

ಏಳನೆಯ ವಾರ ಒಂದು ಬೆಳಿಗ್ಗೆ ಅಕ್ಕ ಹಾಸಿಗೆಯ ಮೇಲೆ ಅಂಗಾತ ಮಲಗಿ ನನ್ನನ್ನು ಕರೆದಳು. ಕೈಯಲ್ಲಿ ಅವಳ ಅಳತೆಯ ಟೇಪು.

"ಇದರ ತುದಿ ಹೊಕ್ಕುಳ ಮೇಲೆ ಹಿಡಿ. ಅಲ್ಲಾಡಿಸಬೇಡ."

ಇನ್ನೊಂದು ತುದಿಯನ್ನು ಕಣಕಾಲಿನ ಒಳಬದಿಯ ಮೂಳೆಯವರೆಗೆ ಎಳೆದು ಓದಬೇಕಾದವಳು ನಾನೇ. ಎಡಗಾಲು ಓದಿದೆ. ಬಲಗಾಲು ಓದಿದೆ. ಬಲಗಾಲು ಒಂದು ಬೆರಳಿನಷ್ಟು ಉದ್ದ ಇತ್ತು.

"ನನಗೆ ಗೊತ್ತಿತ್ತು" ಎಂದಳು. "ನೆಲ ಮುಟ್ಟೋವಾಗಲೇ ಗೊತ್ತಾಗ್ತಿತ್ತು. ಉದ್ದ ಮಾಡಿಟ್ಟಿದ್ದಾರೆ."

"ಡಾಕ್ಟರಿಗೆ ಹೇಳೋಣ."

"ಹೇಳಿದ್ರೆ ಮತ್ತೆ ಕೊಯ್ತಾರೆ. ಮತ್ತೆ ಹದಿನಾರು ವಾರ. ಒಂದು ಕಾಲು ಉದ್ದ ಇರೋವ್ರಿಗೆ ಎಷ್ಟು ಪ್ಯಾಂಟು ಕತ್ತರಿಸಿಲ್ಲ ನಾನು? ಇದಕ್ಕೆಲ್ಲ ಉಪಾಯ ಇದೆ."

ಉಪಾಯ ಅಂದರೆ ಕೋಟಿನ ಕಾಲರಿಗೆ ಒಳಗೆ ಹಾಕುವ ಗಟ್ಟಿ ಕ್ಯಾನ್ವಾಸ್. ಅದನ್ನು ಎಡ ಪಾದದ ಆಕಾರಕ್ಕೆ ನಾಲ್ಕು ಪದರ ಕತ್ತರಿಸಿ, ಅಂಚಿನಲ್ಲಿ ಕೈಹೊಲಿಗೆ ಹಾಕಿ, ಎಡ ಶೂ ಒಳಗೆ ಕೂರಿಸಿದಳು. ಹೊರಗಿನಿಂದ ಕಾಣುತ್ತಿರಲಿಲ್ಲ. ಹೊಲಿಗೆ ಎಷ್ಟು ಚೆಂದ ಇತ್ತೆಂದರೆ ಒಂದು ಕ್ಷಣ ನನಗೂ ಧೈರ್ಯ ಬಂತು. ಟೇಪು ಹಿಡಿದವಳು ನಾನು, ಅಂಕಿ ಓದಿದವಳೂ ನಾನು. ಹೇಳಬೇಡ ಎಂದಳು. ಹೇಳಲಿಲ್ಲ.

ಮೊದಲ ಎರಡು ದಿನ ಅವಳು ನೆಟ್ಟಗೆ ನಡೆದಂತೆ ಕಂಡಿತು. ಆಮೇಲೆ ನನ್ನ ಪುಸ್ತಕದಲ್ಲಿ 'ವಾಲುವುದು: ನಿನ್ನೆಯಷ್ಟೇ' ಎಂಬ ಸಾಲು ದಿನವೂ ಬರತೊಡಗಿತು. ಒಂಬತ್ತನೆಯ ವಾರ 'ನಿನ್ನೆಗಿಂತ ಹೆಚ್ಚು' ಎಂದು ಬರೆದೆ. ಬರೆದು ಪುಸ್ತಕ ಮುಚ್ಚಿಟ್ಟೆ. ನಡಿಗೆ ಟೀಚರ್ ಹುಬ್ಬು ಗಂಟಿಕ್ಕುತ್ತಿದ್ದಳು. ವ್ಯಾಯಾಮದಲ್ಲಿ ತಪ್ಪಿಲ್ಲ, ಕಾಲಿನ ಬಲ ಕೂಡ ಬರುತ್ತಿದೆ, ಆದರೂ ನಡಿಗೆ ಯಾಕೆ ಸರಿಹೋಗುತ್ತಿಲ್ಲ?

"ಮಾಸ್ಟರ್, ಮನೇಲಿ ಮಾಡ್ತಿದ್ದೀರಾ?"

"ಮಾಡದೆ ಏನು? ತಂಗಿನ ಕೇಳು. ಪೊಲೀಸ್ ಥರ ಬರ್ಕೊಂಡು ಕೂತಿರ್ತಾಳೆ."

ಹನ್ನೊಂದನೆಯ ವಾರ. ಬೇಕರಿಯಮ್ಮ ಕಂಬಿಯ ಪಕ್ಕ ಕೂತು ತೊಡೆಯ ಹೊರಬದಿಯನ್ನು ಕೈಯಿಂದ ತಟ್ಟಿಕೊಳ್ಳುತ್ತಿದ್ದಳು. "ಇಲ್ಲಿ ಮುಟ್ಟಿದ್ರೆ ಇನ್ನೂ ಗೊತ್ತಾಗಲ್ಲ ಮಾಸ್ಟರ್, ಬೇರೆಯವರ ಕಾಲು ಮುಟ್ಟಿದ ಹಾಗೆ. ಮುಂದಿನ ದಾರಿಯೂ ಬಿಟ್ಟಿ ಅಲ್ಲ." ಅಕ್ಕ ಕನ್ನಡಿಯ ಮುಂದೆ ಒಂದೊಂದೇ ಹೆಜ್ಜೆ ಹಾಕುತ್ತಿದ್ದಳು. ಪ್ರತಿ ಹೆಜ್ಜೆಗೂ ವಾಲುತ್ತಿದ್ದಳು. ಅವಳ ಮುಖ ಬೆವೆತು, ಕಣ್ಣು ಕನ್ನಡಿಯಲ್ಲಿದ್ದ ತನ್ನ ಸೊಂಟವನ್ನೇ ದುರುಗುಟ್ಟಿ ನೋಡುತ್ತಿತ್ತು. ಇನ್ನು ಐದು ವಾರ ಇತ್ತು. ಹೀಗೇ ಹೋದರೆ ಅವಳು ಗಾಜಿನ ಕೋಣೆಗೆ ಹೋಗುತ್ತಾಳೆ, ಹೋಗಲು ನಾನೂ ಸಹಾಯ ಮಾಡಿರುತ್ತೇನೆ ಎಂದು ನನಗೆ ಆಗ ಹೊಳೆಯಿತು.

"ಎಡ ಶೂ ಒಳಗೆ ನೋಡಿ" ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಕ್ಕ ತಿರುಗಿ ನೋಡಿದ ನೋಟವನ್ನು ನಾನು ಬರೆಯಲಾರೆ.

ನಡಿಗೆ ಟೀಚರ್ ಕ್ಯಾನ್ವಾಸ್ ತುಂಡನ್ನು ಹೊರಗೆ ತೆಗೆದು, ತಿರುಗಿಸಿ ನೋಡಿದಳು. ಬೈಯಲಿಲ್ಲ. ಅಕ್ಕನನ್ನು ಮಲಗಿಸಿ ತನ್ನ ಟೇಪು ತಂದಳು. "ಎಲ್ಲಿಂದ ಅಳೆದ್ರಿ?"

"ಹೊಕ್ಕುಳಿಂದ. ಮಧ್ಯ ಭಾಗ ಅದೇ ಅಲ್ವಾ? ನನ್ನ ಟೇಪ್ ಸುಳ್ಳು ಹೇಳಲ್ಲಮ್ಮಾ, ಇಪ್ಪತ್ತೇಳು ವರ್ಷದಿಂದ ಹೇಳಿಲ್ಲ."

"ಟೇಪ್ ಸರಿಯಾಗೇ ಇದೆ. ಈಗ ಇಲ್ಲಿಂದ ನೋಡಿ." ಅವಳು ಅಕ್ಕನ ಸೊಂಟದ ಮುಂಭಾಗದಲ್ಲಿ ಚರ್ಮದ ಕೆಳಗೆ ಉಬ್ಬಿದ್ದ ಮೂಳೆಯನ್ನು ಬೆರಳಿನಿಂದ ಹುಡುಕಿ, ಅಲ್ಲಿಂದ ಕಣಕಾಲಿನ ಮೂಳೆಯವರೆಗೆ ಅಳೆದಳು. ಒಂದು ಕಡೆ. ಇನ್ನೊಂದು ಕಡೆ. ಅಂಕಿಯನ್ನು ಅಕ್ಕನೇ ತಲೆ ಎತ್ತಿ ಓದಿದಳು.

ಎರಡೂ ಒಂದೇ.

"ಕಾಲು ಉದ್ದ ಆಗಿಲ್ಲ ಮಾಸ್ಟರ್. ಸೊಂಟ ಓರೆಯಾಗಿದೆ. ವರ್ಷಗಟ್ಟಲೆ ನೋವಿನ ಕಾಲಿಂದ ತಪ್ಪಿಸಿಕೊಂಡು ನಡೆದಿದ್ದೀರಲ್ಲ, ಆ ಸ್ನಾಯುಗಳು ಬಿಗಿದುಕೊಂಡಿವೆ. ಸೊಂಟ ಓರೆ ಇದ್ದಾಗ ಹೊಕ್ಕುಳಿಂದ ಅಳೆದ್ರೆ ಒಂದು ಕಾಲು ಉದ್ದ ಅಂತಲೇ ಬರುತ್ತೆ. ಬಿಗಿ ಬಿಡಿಸಿದ್ರೆ ಆ ವ್ಯತ್ಯಾಸ ತಾನಾಗೇ ಹೋಗ್ತಿತ್ತು. ನೀವು ಎಡಗಾಲು ಎತ್ತರಿಸಿ ಓರೆಯನ್ನ ಹಾಗೇ ಉಳಿಸಿದ್ರಿ."

ಅಕ್ಕ ಸೊಂಟದ ಆ ಮೂಳೆಯ ಮೇಲೆ ತಾನೇ ಬೆರಳಿಟ್ಟು ನೋಡಿದಳು. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ಅವಳು ಮೊದಲ ದಿನ ಕಲಿಸುವುದೇ ಅಳತೆಯನ್ನು ಎಲ್ಲಿಂದ ಹಿಡಿಯಬೇಕು ಎಂದು. ಹೊಟ್ಟೆಯ ಮೇಲಿಂದ ಹಿಡಿದವರ ಕೈಗೆ ಟೇಪಿನಿಂದಲೇ ಒಂದು ಬೀಳುತ್ತಿತ್ತು.

"ನಾಲ್ಕು ವಾರ ದಂಡ" ಎಂದಳು. ಅಷ್ಟೇ.

ಮನೆಯಲ್ಲಿ ಎರಡು ದಿನ ಅವಳು ನನ್ನೊಂದಿಗೆ ಮಾತನಾಡಲಿಲ್ಲ. ಮೂರನೆಯ ದಿನ ಕ್ಯಾನ್ವಾಸ್ ತುಂಡು ಕಸದ ಬುಟ್ಟಿಯಲ್ಲಿತ್ತು, ಹೊಲಿಗೆ ಬಿಚ್ಚಿ, ಪದರ ಪದರ ಬೇರೆಯಾಗಿ.

"ಪುಕ್ಕಲಿ, ಅವತ್ತು ಎಲ್ಲರ ಮುಂದೆ ಹೇಳಿದೆಯಲ್ಲ, ಅಷ್ಟು ಧೈರ್ಯ ಎಲ್ಲಿಂದ ಬಂತು?"

"ಹೆದರಿಕೆಯಿಂದ."

"ಏಳನೇ ವಾರಾನೇ ಹೆದರಬೇಕಿತ್ತು." ಅವಳು ಟೀ ಲೋಟ ನನ್ನ ಕಡೆ ತಳ್ಳಿದಳು. "ಬಾ, ಆ ಬಿಗಿ ಬಿಡಿಸೋದು ಹೇಗಂತ ಹೇಳಿದ್ಲಲ್ಲ, ಹಿಡ್ಕೋ ಕಾಲು."

ನಡಿಗೆ ಟೀಚರ್ ಹೊಸ ವ್ಯಾಯಾಮ ಕೊಟ್ಟಿದ್ದಳು. ಅಡುಗೆಮನೆಯ ಕಟ್ಟೆಗೆ ಎದುರಾಗಿ ನಿಂತು, ಅಂಚಿನ ಮೇಲೆ ಎರಡೂ ಕೈ ಇಟ್ಟು, ಪಾದ ನೇರ ಇಟ್ಟುಕೊಂಡು, ಅಡ್ಡಡ್ಡ ಹೆಜ್ಜೆ ಹಾಕುವುದು. ಸಿಂಕಿನಿಂದ ಕಿಟಕಿಗೆ, ಕಿಟಕಿಯಿಂದ ಸಿಂಕಿಗೆ. ಬಿಡಿಸಿ ಸೇರಿಸಿದ ಆ ಪಕ್ಕದ ಸ್ನಾಯುವಿಗೆ ಬಲ ಬರುವುದೇ ಇದರಿಂದ ಎಂದಿದ್ದಳು. ಮೊದಲ ದಿನ ಮೂರು ಸುತ್ತಿಗೆ ಅಕ್ಕನ ಕಾಲು ನಡುಗಿತು. ನಾಲ್ಕನೆಯ ಸುತ್ತಿನಲ್ಲಿ ಅವಳು ಕಿಟಕಿಯ ಬಳಿ ತಟ್ಟನೆ ನಿಂತಳು.

"ಏನಾಯ್ತಕ್ಕಾ? ನೋವಾ?"

"ಅಲ್ಲ." ಕಟ್ಟೆಯ ಮೇಲೆ ಇಟ್ಟ ತನ್ನ ಎರಡು ಕೈಗಳನ್ನು ನೋಡುತ್ತಿದ್ದಳು. "ಮೇಜಿನ ಹತ್ರ ನಾನು ಹೀಗೇ ನಡಿಯೋದು. ಯಂತ್ರ ಮುಂದೆ ಹೋದ ಹಾಗೆ ನಾನು ಅಡ್ಡ ಹೋಗ್ತೀನಿ. ದಿನಾ ಎಂಟು ಗಂಟೆ. ಇದನ್ನ ನನಗೆ ಇವಳು ಕಲಿಸೋದಾ?"

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ದಿನಕ್ಕೆ ಮೂರು ಹೊತ್ತು. ಹೆಚ್ಚು ಮಾಡಿ ಒಂದು ಸಂಜೆ ಸೊಂಟ ಊದಿಕೊಂಡು ನಡಿಗೆ ಟೀಚರ್ ಕೈಯಲ್ಲಿ ಬೈಸಿಕೊಂಡಳು. ಎರಡು ದಿನ ಸುಮ್ಮನಿದ್ದು ಮತ್ತೆ ಶುರು ಮಾಡಿದಳು, ಹೇಳಿದಷ್ಟೇ, ಒಂದು ಸುತ್ತು ಹೆಚ್ಚಿಲ್ಲ. ಹದಿನೈದನೆಯ ವಾರ ನನ್ನ ಪುಸ್ತಕದಲ್ಲಿ ಎರಡು ಸಾಲು ಬೇರೆಬೇರೆಯಾಗಿ ಬರೆಯಬೇಕಾಯಿತು. 'ಅಡ್ಡ ನಡಿಗೆ: ಸೊಂಟ ಸಮ. ಮುಂದಕ್ಕೆ ನಡಿಗೆ: ಇನ್ನೂ ವಾಲುತ್ತಾಳೆ.'

"ಮುಂದಿನ ವಾರಕ್ಕೆ ಕುಂಟು ಪೂರ್ತಿ ಹೋಗಲ್ಲ ಮಾಸ್ಟರ್" ಎಂದು ನಡಿಗೆ ಟೀಚರ್ ಮುಚ್ಚುಮರೆ ಇಲ್ಲದೆ ಹೇಳಿದಳು. "ಹೋಗೇ ಹೋಗುತ್ತೆ ಅಂತಲೂ ಮಾತು ಕೊಡಲ್ಲ. ಕೆಲಸಕ್ಕೆ ನಿಲ್ಲಬಹುದು ಅಂತ ಡಾಕ್ಟರೂ ಹೇಳಿದ್ದಾರೆ, ನಾನೂ ಹೇಳ್ತೀನಿ. ಗಂಟೆಗೊಂದು ಸಲ ಕೂತು ಎದ್ದು."

"ಯಜಮಾನರ ಹತ್ರ ಇನ್ನೊಂದು ತಿಂಗಳು ಕೇಳೋಣ" ಎಂದೆ ನಾನು.

"ಉದ್ದ ಕೋಟು ಹಾಕ್ಕೊಂಡು ನಿಧಾನಕ್ಕೆ ಹೆಜ್ಜೆ ಹಾಕಿ" ಎಂದಳು ಬೇಕರಿಯಮ್ಮ. ಅವಳೂ ಈಗ ಅಕ್ಕನಿಗಿಂತ ಅಷ್ಟೇನೂ ಮುಂದಿರಲಿಲ್ಲ. ಇಡೀ ದಿನ ಒಲೆ ಮುಂದೆ ನಿಂತರೆ ಸಂಜೆ ಅವಳೂ ಕಾಲೆಳೆಯುತ್ತಿದ್ದಳು. "ಯಾರಿಗೆ ಗೊತ್ತಾಗುತ್ತೆ?"

"ಮುಚ್ಚಿಟ್ಟು ಮುಚ್ಚಿಟ್ಟೇ ನಾಲ್ಕು ವಾರ ಕಳ್ಕೊಂಡೆ" ಎಂದಳು ಅಕ್ಕ. "ಸಾಕು."

ಹದಿನಾರನೆಯ ವಾರದ ಸೋಮವಾರ ನಾನು ರಜೆ ಹಾಕಿ ಅವಳ ಜೊತೆ ಹೋದೆ. ಕಾರ್ಖಾನೆಯ ಹಾಲಿನಲ್ಲಿ ಮೂವತ್ತು ಹೊಲಿಗೆ ಯಂತ್ರಗಳು. ಬಾಗಿಲಿನಿಂದ ಮೇಜಿಗೆ ಅವುಗಳ ನಡುವೆ ದಾರಿ. ಅಕ್ಕ ಎಡಗೈಯಲ್ಲಿ ಕೋಲು ಹಿಡಿದು, ಉದ್ದ ಕೋಟು ಹಾಕದೆ, ಎಷ್ಟು ವಾಲುತ್ತಿದ್ದಳೋ ಅಷ್ಟೂ ವಾಲುತ್ತ ಆ ದಾರಿಯಲ್ಲಿ ನಡೆದಳು. ಒಂದೊಂದಾಗಿ ಯಂತ್ರಗಳು ನಿಂತವು. ನನಗೆ ನೆಲ ನೋಡಬೇಕೆನ್ನಿಸಿತು. ನೋಡಲಿಲ್ಲ.

ಮೇಜಿನ ಮೇಲೆ ಗಾಢ ನೀಲಿ ಬಟ್ಟೆ ಎಂಬತ್ತು ಪದರ ಹಾಸಿ, ಗೆರೆ ಹಾಕಿ ಸಿದ್ಧವಾಗಿತ್ತು. ಅದರ ಪಕ್ಕ, ಅಕ್ಕ ಬೇಡವೆಂದರೂ ಯಜಮಾನರು ಹುಡುಕಿ ತಂದಿದ್ದ ಹೊಸ ಕಟರ್ ನಿಂತಿದ್ದ, ಕೈಕಟ್ಟಿಕೊಂಡು. ಯಜಮಾನರು ಗಾಜಿನ ಕೋಣೆಯಿಂದ ಹೊರಬಂದರು.

"ಮಾಸ್ಟರ್, ನಾವು ಮಾತಾಡಿದ್ದು ಏನು?"

"ಕುಂಟದೆ ಬನ್ನಿ ಅಂದ್ರಿ. ಕುಂಟ್ತಾನೇ ಬಂದೆ."

"ಹಾಗಾದ್ರೆ…"

"ನಾನು ಇಲ್ಲಿಗೆ ನಡಿಯೋಕೆ ಬರಲ್ಲ ಸಾರ್. ಕತ್ತರಿಸೋಕೆ ಬರ್ತೀನಿ." ಕೋಲನ್ನು ನನ್ನ ಕೈಗೆ ಕೊಟ್ಟಳು. ಹೊಸ ಕಟರನ ಕಡೆ ತಿರುಗಿ, "ಸ್ವಲ್ಪ ಜಾಗ ಬಿಡಪ್ಪಾ" ಎಂದಳು.

ಅವನು ಯಜಮಾನರ ಮುಖ ನೋಡಿದ. ಅವರು ಏನೂ ಹೇಳದ್ದರಿಂದ ಸರಿದು ನಿಂತ.

ಅಕ್ಕ ಬ್ಲೇಡು ಪರೀಕ್ಷಿಸಿದಳು. ಎರಡೂ ಕೈಯಲ್ಲಿ ಯಂತ್ರ ಹಿಡಿದು ಚಾಲೂ ಮಾಡಿದಳು. ಬಟ್ಟೆಯ ಅಂಚಿಗೆ ಬ್ಲೇಡು ತಾಗಿದಾಗ ಅವಳ ಬಲಗಾಲು ಅಡ್ಡಕ್ಕೆ ಒಂದು ಹೆಜ್ಜೆ ಇಟ್ಟಿತು, ಎಡಗಾಲು ಅದರ ಪಕ್ಕಕ್ಕೆ ಬಂತು. ಮತ್ತೊಂದು. ಸೊಂಟದ ಎರಡೂ ಬದಿಗಳು ಒಂದೇ ಎತ್ತರದಲ್ಲಿದ್ದವು. ನಾನು ಅದನ್ನು ಬಿಟ್ಟು ಬೇರೇನೂ ನೋಡಲಿಲ್ಲ. ತೋಳಿನ ಬಾಗು ಬಂದಾಗ ಅವಳ ಭಾರವೆಲ್ಲ ಬಲಗಾಲಿನ ಮೇಲೆ ಬಿತ್ತು. ಯಂತ್ರ ಬಾಗಿನೊಳಗೆ ಹೋಗಿ, ತಿರುಗಿ, ಗೆರೆಯ ಮೇಲೆಯೇ ಹೊರಬಂತು.

ಮುಕ್ಕಾಲು ಗಂಟೆ ಬೇಕಾಯಿತು. ಮೇಜಿನ ಆ ತುದಿಯಲ್ಲಿ ಯಂತ್ರ ನಿಲ್ಲಿಸಿದಾಗ ಅವಳ ಕುತ್ತಿಗೆ ಪೂರ್ತಿ ಒದ್ದೆಯಾಗಿತ್ತು.

ಯಜಮಾನರು ತೋಳಿನ ಕಟ್ಟಿನಿಂದ ಎಲ್ಲಕ್ಕಿಂತ ಮೇಲಿನ ತುಂಡನ್ನೂ ಎಲ್ಲಕ್ಕಿಂತ ಕೆಳಗಿನ ತುಂಡನ್ನೂ ಎಳೆದು, ಒಂದರ ಮೇಲೊಂದು ಇಟ್ಟರು. ಕೈ ನಡುಗಿದ್ದರೆ, ಯಂತ್ರ ವಾಲಿದ್ದರೆ, ಕೆಳಗಿನದು ಬೇರೆ ಅಳತೆಗೆ ಬಂದಿರುತ್ತದೆ. ಬೆಳಕಿಗೆ ಹಿಡಿದು ಅಂಚು ನೋಡಿದರು. ತಿರುಗಿಸಿ ಮತ್ತೆ ನೋಡಿದರು.

"ಕುಂಟ್ತೀನಿ" ಎಂದಳು ಅಕ್ಕ. "ಇನ್ನೂ ಆರು ತಿಂಗಳು ಕುಂಟಬಹುದು, ಕೊನೆತನಕಾನೂ ಕುಂಟಬಹುದು. ಬಟ್ಟೆ ಕುಂಟಿದ್ರೆ ಹೇಳಿ, ನಾನೇ ಹೋಗ್ತೀನಿ."

ಹೊಲಿಗೆಯ ಸಾಲಿನಲ್ಲಿ ಯಾರೋ ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಯಜಮಾನರು ತುಂಡುಗಳನ್ನು ಕಟ್ಟಿಗೆ ವಾಪಸ್ ಇಟ್ಟರು.

"ಅರ್ಧ ದಿನ ಮಾಡಿ" ಎಂದರು.

"ಅರ್ಧ ದಿನ ಅಂತ ಡಾಕ್ಟರ್ ಹೇಳಿದ್ರೆ ಕೇಳ್ತೀನಿ. ಅವರು ಪೂರ್ತಿ ದಿನ ಅಂದಿದ್ದಾರೆ, ಗಂಟೆಗೊಂದು ಸಲ ಕೂತು ಎದ್ದು. ಒಂದು ಸ್ಟೂಲ್ ಹಾಕಿಸಿ. ಎತ್ತರದ್ದು. ಇಲ್ಲೇ, ಮೇಜಿನ ಪಕ್ಕ."

ಯಜಮಾನರು ಹೊಸ ಕಟರನಿಗೆ ಸ್ಟೂಲ್ ತರಲು ಹೇಳಿದರು. ಅವನು ತಂದ. ಅಕ್ಕ ಕೂತಳು. ಅವನ ಕಡೆ ನೋಡಿ, "ಹೋಗ್ಬೇಡ, ಇಲ್ಲೇ ನಿಲ್ಲು. ಮುಂದಿನ ಹಾಸು ನಿನಗೆ ಹಾಕೋಕೆ ಬರುತ್ತಾ?" ಎಂದು ಕೇಳಿದಳು. ಅವನು ಬರುತ್ತೆ ಎಂದ.

ನಾನು ಕೋಲನ್ನು ಗೋಡೆಗೆ ಒರಗಿಸಿ ಹೊರಡಲು ತಿರುಗಿದೆ.

"ಪುಕ್ಕಲಿ" ಎಂದು ಹಿಂದಿನಿಂದ ಕರೆದಳು. "ನಡಿಗೆ ಟೀಚರ್‌ಗೆ ಫೋನ್ ಮಾಡು. ನಾಳೆ ಹತ್ತು ಗಂಟೆಗೆ ಬರೋಕಾಗಲ್ಲ ಅನ್ನು. ಸಂಜೆ ಆರರ ಮೇಲೆ ಹೊತ್ತು ಕೊಡೋಕೆ ಹೇಳು. ನನಗೆ ಡ್ಯೂಟಿ ಇದೆ."